ಘಾಟಿಯಪ್ಪ ಎಂಬವರ ಬೆಂಗಳೂರು ಪ್ರವಾಸ

ಬಸ್ಸಿನಲ್ಲಿ ಒಂದೂವರೆ ಗಂಟೆಯಷ್ಟೇ ದೂರವಿರುವ ಊರಿಗೆ ಯಾರೂ ಪ್ರವಾಸ ಹೋಗುವುದಿಲ್ಲ. ನಾವು ಹೋಗಿದ್ದೆವು. ನಮ್ಮ ಹಳ್ಳಿ ಇರುವುದು ದೊಡ್ಡಬಳ್ಳಾಪುರದ ಆಚೆ, ಘಾಟಿಗೆ ಹೋಗುವ ರಸ್ತೆಯ ಮಗ್ಗುಲಿನಲ್ಲಿ. ಅಲ್ಲಿಂದ ಹೊರಟು ಬೆಂಗಳೂರಿನಲ್ಲಿ ಕೊಠಡಿ ಹಿಡಿದು ಉಳಿದುಕೊಂಡಿದ್ದೆವು ಎಂದರೆ, ಕೇಳಿದವರ ಮೊದಲ ಪ್ರಶ್ನೆ "ಯಾರಿಗೆ ಹುಷಾರಿರಲಿಲ್ಲ?" ಎಂಬುದು. ಎಲ್ಲರೂ ಆರೋಗ್ಯವಾಗಿದ್ದೆವು ಎಂದು ಉತ್ತರಿಸುವಾಗ ಏನೋ ತಪ್ಪೊಪ್ಪಿಕೊಳ್ಳುತ್ತಿರುವಂತೆ ನನ್ನ ದನಿ ಸಣ್ಣದಾಗುತ್ತದೆ.

ಇಪ್ಪತ್ತೈದು ವರ್ಷ ಪ್ರೌಢಶಾಲೆಯಲ್ಲಿ ವ್ಯಾಕರಣ ಕಲಿಸಿ ಅವಧಿಗೆ ಮೊದಲೇ ನಿವೃತ್ತನಾದ ನನಗೆ ಈ ಸಂಗತಿ ವಿಭಕ್ತಿ ಪ್ರತ್ಯಯಗಳ ಮೂಲಕ ಚೆನ್ನಾಗಿ ಅರ್ಥವಾಗುತ್ತದೆ. ನಮ್ಮ ಕಡೆಯವರಿಗೆ ಬೆಂಗಳೂರೆಂಬುದು ಬರಿಯ ಚತುರ್ಥೀ ವಿಭಕ್ತಿ. ಆಸ್ಪತ್ರೆಗೆ, ಕೋರ್ಟಿಗೆ, ಮದುವೆಗೆ, ಪಂಪ್‌ಸೆಟ್ಟಿನ ಸಾಮಾನು ತರುವುದಕ್ಕೆ. ಹೀಗೆ 'ಗೆ' ಅಥವಾ 'ಕ್ಕೆ' ಇಲ್ಲದೆ ನಾವು ಆ ಊರಿನ ಕಡೆ ತಲೆಯಿಟ್ಟೂ ಮಲಗುವುದಿಲ್ಲ. ಆದರೆ ಎಪ್ಪತ್ತೆರಡು ವರ್ಷದ ನನ್ನ ಅಮ್ಮ ಒಂದು ದಿನ ಅವರೆಕಾಯಿ ಸುಲಿಯುತ್ತಾ ಕುಳಿತವಳು ಇದ್ದಕ್ಕಿದ್ದಂತೆ ಸಪ್ತಮೀ ವಿಭಕ್ತಿಯಲ್ಲಿ ಮಾತನಾಡಿದಳು.

"ಬೆಂಗ್ಳೂರಲ್ಲಿ ಒಂದ್ ಮೂರು ದಿನ ಸುಮ್ನೆ ಇರ್ಬೇಕು ಕಣೋ. ಯಾವ ಕೆಲ್ಸಾನೂ ಇಟ್ಕೊಳ್ದೆ. ಹನ್ನೊಂದು ಗಂಟೆಗೆ ಹೋಗ್ತೀವಿ, ನಾಲ್ಕು ಗಂಟೆಗೆ ಬಸ್ ಹತ್ತುತೀವಿ. ಆ ಊರು ಬೆಳಿಗ್ಗೆ ಎದ್ದು ಹೆಂಗಿರತ್ತೆ ಅಂತ ನಾನು ನೋಡೇ ಇಲ್ಲ."

ನಾನು ಲೆಕ್ಕ ಹಾಕಿ ನೋಡಿದೆ, ನಿಜವಾಗಿತ್ತು. ತ್ಯಾಮಗೊಂಡ್ಲು ಕಡೆಯಿಂದ ಮದುವೆಯಾಗಿ ಬಂದ ಮೇಲೆ ಅವಳು ಬೆಂಗಳೂರನ್ನು ಕಂಡಿರುವುದೆಲ್ಲ ಮಧ್ಯಾಹ್ನದಲ್ಲಿಯೇ, ಅದೂ ಕಲ್ಯಾಣಮಂಟಪದ ಊಟದ ಪಂಕ್ತಿಯಿಂದ ಅಥವಾ ಆಸ್ಪತ್ರೆಯ ಬೆಂಚಿನಿಂದ. ಸಂಜೆಯ ಹಾಲು ಕರೆಯುವ ಹೊತ್ತಿಗೆ ಮನೆ ಸೇರಲೇಬೇಕಿತ್ತು. 'ರಜೆ' ಎಂಬ ಮಾತು ಪರಭಾಷೆಯಿಂದ ನಮ್ಮಲ್ಲಿಗೆ ಬಂದದ್ದು, ಅದರ ಮೂಲದ ಅರ್ಥ ಒಪ್ಪಿಗೆ ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆ. ನಮ್ಮ ಮನೆಯಲ್ಲಿ ಆ ಒಪ್ಪಿಗೆಯನ್ನು ಕೊಡಬೇಕಾದದ್ದು ಹಸು. ಅದು ಈವರೆಗೆ ಒಮ್ಮೆಯೂ ಕೊಟ್ಟಿರಲಿಲ್ಲ.

ಈ ಬಾರಿ ನನ್ನ ಹೆಂಡತಿ ಹಸುವಿನ ಪರವಾಗಿ ಒಪ್ಪಿಗೆ ಕೊಟ್ಟಳು. "ನಾನು ಕರೆದು ಡೈರಿಗೆ ಹಾಕ್ತೀನಿ, ನೀವು ಮೂರು ಜನ ಹೋಗ್ಬನ್ನಿ" ಎಂದಳು. ಉಳಿದವರು ಅಪ್ಪ.

ನನ್ನ ತಂದೆಯವರ ಹೆಸರು ಸುಬ್ಬರಾಯಪ್ಪ. ಘಾಟಿಯ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತ ಮೇಲೆ ಹುಟ್ಟಿದವರಾದ್ದರಿಂದ ಆ ದೇವರ ಹೆಸರನ್ನೇ ಇಟ್ಟಿದ್ದಾರೆ. ಅಪ್ಪನಿಗೆ ಪ್ರವಾಸದ ಉದ್ದೇಶವೇ ಅರ್ಥವಾಗಲಿಲ್ಲ. "ಬೆಂಗ್ಳೂರಲ್ಲಿ ಮಲಗೋದಾ? ಯಾಕೆ, ಇಲ್ಲಿ ಮಂಚ ಮುರಿದೈತಾ?" ಎಂದರು. ನಾನು ಗುರುಪೀಠದಿಂದ ವಿವರಿಸಿದೆ: 'ಪ್ರವಾಸ' ಎಂಬ ಪದದೊಳಗೆ 'ವಾಸ' ಇದೆ, ಪರಸ್ಥಳದಲ್ಲಿ ತಂಗಿದರೆ ಮಾತ್ರ ಅದು ಪ್ರವಾಸ, ಸಂಜೆಗೆ ಹಿಂದಿರುಗಿದರೆ ಅದು ಬರಿಯ ಓಡಾಟ. ಅಪ್ಪ ಗಮನವಿಟ್ಟು ಕೇಳಿ, "ಸರಿ ಮೇಷ್ಟ್ರೇ, ಹಂಗಾದ್ರೆ ಓಡಾಟಾನೇ ಮಾಡೋಣ" ಎಂದರು. ಅವರು ನನ್ನನ್ನು 'ಮೇಷ್ಟ್ರೇ' ಎಂದು ಕರೆದರೆ ಚರ್ಚೆ ಮುಗಿಯಿತೆಂದು ಅರ್ಥ. ಆದರೂ ಹೊರಟರು. ಅಮ್ಮ ಎರಡು ದಿನ ಮಾತು ಬಿಟ್ಟಿದ್ದಳು. ಅದು ವ್ಯುತ್ಪತ್ತಿಗಿಂತ ಪ್ರಬಲವಾದ ವಾದ.

ಇಲ್ಲಿ ಒಂದು ಭೌಗೋಳಿಕ ತೊಡಕನ್ನು ಹೇಳಬೇಕು. ಕಾಶಿಗೋ ರಾಮೇಶ್ವರಕ್ಕೋ ಹೋದವರು ನಡುವೆ ಬೇಸರವಾದರೂ ಹಿಂದಿರುಗಲಾರರು. ದೂರವೇ ಅವರನ್ನು ಕಟ್ಟಿಹಾಕಿರುತ್ತದೆ. ಬೆಂಗಳೂರಿನಲ್ಲಿರುವ ದೊಡ್ಡಬಳ್ಳಾಪುರದವನನ್ನು ಯಾವುದೂ ಕಟ್ಟಿಹಾಕುವುದಿಲ್ಲ. ಯಾವ ಗಳಿಗೆಯಲ್ಲಾದರೂ ಎದ್ದು ಬಸ್ಸು ಹತ್ತಬಹುದು. ಅಪ್ಪ ಮೊದಲನೆಯ ದಿನ ಮಧ್ಯಾಹ್ನ ಮೂರಕ್ಕೆ, ನಾಲ್ಕಕ್ಕೆ, ಐದೂವರೆಗೆ ಹೀಗೆ ಮೂರು ಸಲ "ಈಗ ಹೊರಟ್ರೂ ಮನೆ ಸೇರ್ಕೋಬೋದು" ಎಂದರು. ಪ್ರತಿ ಸಲವೂ ಅಮ್ಮ ನನ್ನ ಮುಖ ನೋಡುತ್ತಿದ್ದಳು. ಅವಳಿಗೆ ಬೇಕಿದ್ದದ್ದು ಅರಮನೆಯೂ ಅಲ್ಲ, ಅಂಗಡಿಯೂ ಅಲ್ಲ, ಮೂರು ದಿನ. ಎರಡೂಮುಕ್ಕಾಲು ದಿನವಾದರೂ ಅವಳ ಪಾಲಿಗೆ ಅದು ಹಳೆಯ ಬೆಂಗಳೂರೇ ಆಗುತ್ತಿತ್ತು.

ಹೋಟೆಲಿನ ಕೊಠಡಿಯಲ್ಲಿ ದೀಪ ಉರಿಯಬೇಕಾದರೆ ಬಾಗಿಲ ಬಳಿಯ ಗೂಡಿನಲ್ಲಿ ಒಂದು ಕಾರ್ಡನ್ನು ಸಿಕ್ಕಿಸಿರಬೇಕು. ಅದು ಬೀಗದ ಕೈಯೂ ಹೌದು ಎಂದು ಕೇಳಿದ ಅಪ್ಪ, ಬೀಗದ ಕೈಯನ್ನು ಗೋಡೆಯಲ್ಲಿ ಬಿಡುವುದು ಕ್ಷೇಮವಲ್ಲವೆಂದು ತೆಗೆದು ಜೇಬಿನಲ್ಲಿಟ್ಟುಕೊಂಡರು. ಕೊಠಡಿ ಕತ್ತಲಾಯಿತು. "ನೋಡು, ಬೆಂಗ್ಳೂರಲ್ಲೂ ಕರೆಂಟ್ ಹೋಗತ್ತೆ" ಎಂದು ಸಮಾಧಾನಪಟ್ಟುಕೊಂಡರು. ಅಮ್ಮ ವಾಡಿಕೆಯಂತೆ ನಾಲ್ಕೂವರೆಗೆ ಎದ್ದು, ಮಾಡಲು ಏನೂ ಇಲ್ಲದೆ, ಹಾಸಿಗೆಗಳನ್ನು ಮಡಿಸಿ, ಲೋಟಗಳನ್ನು ತೊಳೆದು, ನೆಲವನ್ನು ಒದ್ದೆ ಟವೆಲಿನಿಂದ ಒರಸಿ, ಕಿಟಕಿಯ ಮುಂದೆ ಕುಳಿತು ಬೆಂಗಳೂರು ಏಳುವುದನ್ನು ಕಾದಳು. ಏಳುವುದಕ್ಕೆ ಮೊದಲು ಅದು ಹಾಲಿನ ವ್ಯಾನುಗಳನ್ನು ಕಳಿಸುತ್ತದೆಂಬುದು ಅವಳ ಮೊದಲ ಸಂಶೋಧನೆ. "ನಮ್ಮ ಹಾಲೂ ಅದ್ರಲ್ಲಿ ಇರ್ಬೋದು ಅಲ್ವಾ?" ಎಂದು ಕೇಳಿದಳು. ಒಂಬತ್ತಕ್ಕೆ ಕೊಠಡಿ ಗುಡಿಸಲು ಬಂದ ಹೆಂಗಸು ಒಳಗೆ ಕಣ್ಣಾಡಿಸಿ, "ನೀವು ಈಗ ಬಂದ್ರಾ?" ಎಂದು ವಿಚಾರಿಸಿದಳು.

ತಿಂಡಿಯ ಮನೆಯಲ್ಲಿ ಎಲ್ಲವನ್ನೂ ಮೇಜಿನ ಮೇಲೆ ಜೋಡಿಸಿಟ್ಟಿದ್ದರು. ಬೇಕಾದ್ದನ್ನು ನಾವೇ ಬಡಿಸಿಕೊಳ್ಳಬೇಕು. ಅಪ್ಪ ಬಂದು ಕುಳಿತು ಹತ್ತು ನಿಮಿಷ ಕಾದರು. ನಾನು ತಟ್ಟೆ ತಂದುಕೊಟ್ಟಾಗ, "ಬಡ್ಸೋರು ಬರ್ಲಿ ಇರಪ್ಪಾ. ಕರೆದೋರ ಮನೇಲಿ ನಾವೇ ಸೌಟು ಹಿಡಿಯೋದು ಚೆಂದಾನಾ?" ಎಂದು ತಡೆದರು. ಕೊನೆಗೆ ಅಮ್ಮನೇ ಎದ್ದು ಇಡ್ಲಿಯ ಪಾತ್ರೆಯನ್ನೇ ಹಿಡಿದು ಬಂದು ಅವರಿಗೆ ಬಡಿಸಿದಳು; ಪಕ್ಕದ ಮೇಜಿನಲ್ಲಿದ್ದ ಇಬ್ಬರು ಅಪರಿಚಿತರಿಗೂ ಬಡಿಸಿದಳು. ಅವರು ಥ್ಯಾಂಕ್ಸ್ ಹೇಳಿ ಚಟ್ನಿಯನ್ನೂ ಕೇಳಿದರು. ನಾನು ಗೋಡೆಯ ಫಲಕದಲ್ಲಿದ್ದ 'ಉಪಹಾರ' ಎಂಬ ತಪ್ಪನ್ನು ನೋಡುತ್ತಾ ಕುಳಿತಿದ್ದೆ. ಅದು 'ಉಪಾಹಾರ' ಆಗಬೇಕು. ಕಾಗುಣಿತದ ತಪ್ಪು ಕಂಡರೆ ನನಗೆ ಸುತ್ತಲಿನ ಪ್ರಪಂಚ ಕಾಣುವುದಿಲ್ಲ. ಈ ದೌರ್ಬಲ್ಯ ಆ ದಿನ ಮಧ್ಯಾಹ್ನ ಎಷ್ಟು ದುಬಾರಿಯಾಗಲಿದೆ ಎಂಬುದು ಆಗ ತಿಳಿದಿರಲಿಲ್ಲ.

ತಿಂಡಿಯಾದ ಮೇಲೆ ಮೆಟ್ರೋ ಹತ್ತಿದೆವು. ಅಮ್ಮನಿಗೆ ಆ ಊರಿನಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಅದೇ. "ಎಲ್ಲರ ಮನೆ ಮೇಲೆ ಒಣಹಾಕಿರೋ ಬಟ್ಟೆ ನೋಡ್ಕೊಂಡೇ ಹೋಗ್ಬೋದು" ಎಂಬುದು ಅವಳು ಕೊಟ್ಟ ಕಾರಣ. ಆ ಬಟ್ಟೆಗಳಿಂದ ಯಾವ ಮನೆಯಲ್ಲಿ ಕೂಸಿದೆ, ಯಾವ ಮನೆಯ ಸೊಸೆ ಸೋಮಾರಿ ಎಂದೆಲ್ಲ ಹೇಳುತ್ತಾ ಹೋದಳು. ನಾವು ಹೋಗುತ್ತಿದ್ದದ್ದು ಒಂದು ದೊಡ್ಡ ತೋಟದಲ್ಲಿ ಏರ್ಪಾಡಾಗಿದ್ದ ಹೂವಿನ ಪ್ರದರ್ಶನಕ್ಕೆ. ಅಲ್ಲಿ ಹೂವಿಗಿಂತ ಜನ ಹೆಚ್ಚಾಗಿದ್ದರು, ಜನಕ್ಕಿಂತ ಫೋಟೋ ತೆಗೆಯುವ ಕೈಗಳು ಹೆಚ್ಚಾಗಿದ್ದವು. ಮಧ್ಯಾಹ್ನ ಎರಡರ ಸುಮಾರಿಗೆ ನಾನು ತಿರುಗಿ ನೋಡಿದಾಗ ಅಮ್ಮ ಇದ್ದಳು; ಅಪ್ಪ ಇರಲಿಲ್ಲ.

ಅವರ ಫೋನು ಹೋಟೆಲಿನಲ್ಲಿತ್ತು. ಜನಜಂಗುಳಿಯಲ್ಲಿ ಕದಿಯುತ್ತಾರೆಂದು ದಿಂಬಿನ ಕೆಳಗೆ ಭದ್ರವಾಗಿಟ್ಟು ಬಂದಿದ್ದರು. ಆದರೂ ನನಗೆ ಗಾಬರಿಯಾಗಲಿಲ್ಲ. ಏಕೆಂದರೆ ಹೊರಡುವ ಮೊದಲೇ ಪ್ರವಾಸದ ನಿಯಮಾವಳಿಯನ್ನು ಸಿದ್ಧಪಡಿಸಿ ಇಬ್ಬರಿಗೂ ಓದಿ ಹೇಳಿದ್ದೆ. ಅದರ ನಾಲ್ಕನೆಯ ನಿಯಮ: 'ತಪ್ಪಿಸಿಕೊಂಡವರು ಇದ್ದಲ್ಲಿಯೇ ಇರತಕ್ಕದ್ದು.' ವಾಕ್ಯ ಸುಸಂಬದ್ಧವಾಗಿತ್ತು. ಅದರಲ್ಲಿ ಒಂದೇ ಒಂದು ಕೊರತೆಯಿತ್ತು: ತಪ್ಪಿಸಿಕೊಂಡವರು ತಾವೇ ಎಂದು ಈ ಲೋಕದಲ್ಲಿ ಯಾರೂ ಭಾವಿಸುವುದಿಲ್ಲ. ಅಪ್ಪ ಆಮೇಲೆ ಹೇಳಿದಂತೆ, ಅವರ ದೃಷ್ಟಿಯಲ್ಲಿ ತಪ್ಪಿಸಿಕೊಂಡವರು ನಾವಿಬ್ಬರು. ನಿಯಮದಂತೆ ನಾವು ಇದ್ದಲ್ಲಿಯೇ ಇರಬೇಕಾಗಿದ್ದು, ಅವರು ನಮ್ಮನ್ನು ಹುಡುಕುತ್ತಾ ತೋಟವನ್ನೆಲ್ಲ ಸುತ್ತುತ್ತಿದ್ದರು.

ನಾನು ಅಮ್ಮನನ್ನು ಒಂದು ಕಲ್ಲುಬೆಂಚಿನ ಮೇಲೆ ಕೂರಿಸಿ, ತೋಟವನ್ನು ಮನಸ್ಸಿನಲ್ಲಿಯೇ ನಾಲ್ಕು ಭಾಗ ಮಾಡಿಕೊಂಡು, ಈಶಾನ್ಯದಿಂದ ಕ್ರಮವಾಗಿ ಹುಡುಕಲು ಹೊರಟೆ. ಧ್ವನಿವರ್ಧಕದಲ್ಲಿ ಕೂಗಿಸಬಹುದಿತ್ತು. ಆದರೆ ಬೆಳಗಿನಿಂದ ಅದರಲ್ಲಿ ಬರುತ್ತಿದ್ದ ಕನ್ನಡವನ್ನು ಕೇಳಿ, ನಮ್ಮ ತಂದೆಯವರ ಹೆಸರನ್ನು ಅಂಥ ವಾಕ್ಯಗಳಿಗೆ ಒಪ್ಪಿಸುವುದು ಬೇಡವೆನಿಸಿತ್ತು.

ಅರ್ಧ ಗಂಟೆಯಾದರೂ ನಾನು ಬರಲಿಲ್ಲ. ಅಮ್ಮ ಬೆಂಚಿನಿಂದೆದ್ದು ದಾರಿ ಕೇಳಿಕೊಂಡು ಧ್ವನಿವರ್ಧಕದ ಕೊಠಡಿಗೆ ಹೋದಳು. ಅಲ್ಲಿ ನಡೆದದ್ದನ್ನು ಅವಳೇ ಆಮೇಲೆ ಹೇಳಿದಳು. ಮೈಕಿನ ಮುಂದೆ ಕುಳಿತಿದ್ದ ಹೆಂಗಸು ನಗುತ್ತಾ ಉಳಿದದ್ದನ್ನು ಕೂಡಿಸಿದಳು.

"ಯಾರು ಕಾಣಿಸ್ತಿಲ್ಲಮ್ಮಾ?"

"ನಮ್ಮನೆಯವ್ರು."

"ಹೆಸ್ರೇನು?"

"ಅದನ್ನ ಹೆಂಗೆ ತಾಯಿ ನಾನು ಹೇಳ್ಲಿ?"

"ಹೆಸ್ರಿಲ್ದೆ ಏನಂತ ಕೂಗ್ಲಿ? ಇಲ್ಲಿ ಎಲ್ಲ ಹೆಂಗಸ್ರಿಗೂ ಮನೆಯವ್ರು ಇದಾರೆ. ಅಷ್ಟೂ ಜನ ಬಂದ್ಬಿಡ್ತಾರೆ!"

ಅಮ್ಮ ಯೋಚಿಸಿದಳು. ಐವತ್ತೆರಡು ವರ್ಷದ ಸಂಸಾರದಲ್ಲಿ ಅಪ್ಪನ ಹೆಸರು ಅವಳ ಬಾಯಲ್ಲಿ ಬಂದಿಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆಂದು ಅವಳ ತಾಯಿ ಹೇಳಿಕೊಟ್ಟಿದ್ದಳು. ನಮ್ಮಲ್ಲಿ ಈಗಿನವರು ಅದನ್ನೆಲ್ಲ ಬಿಟ್ಟಿದ್ದಾರೆ. ನನ್ನ ಹೆಂಡತಿ ನನ್ನ ಹೆಸರನ್ನು ಬೀದಿಯ ಕೊನೆಗೆ ಕೇಳಿಸುವಂತೆ ಕೂಗುತ್ತಾಳೆ. ಅಮ್ಮ ಬಿಟ್ಟಿಲ್ಲ. ಅಪ್ಪ ಎದುರಿಗಿದ್ದರೆ 'ಇಗಾ' ಎನ್ನುತ್ತಾಳೆ. ನನ್ನೊಡನೆ ಮಾತನಾಡುವಾಗ 'ನಿಮ್ಮಪ್ಪ' ಎನ್ನುತ್ತಾಳೆ. ಅದೂ ದೂರು ಹೇಳುವಾಗ ಆ ಷಷ್ಠೀ ವಿಭಕ್ತಿಯನ್ನು ಒತ್ತಿ ಹೇಳಿ, ಅಪ್ಪನನ್ನು ಸಂಪೂರ್ಣವಾಗಿ ನನ್ನ ವಶಕ್ಕೆ ಕೊಟ್ಟುಬಿಡುತ್ತಾಳೆ.

"ನಮ್ ಕಡೆ ಘಾಟಿ ಇದೆಯಲ್ಲ, ಅಲ್ಲಿರೋ ದೇವ್ರ ಹೆಸ್ರು. ಕೊನೇಲಿ ಅಪ್ಪ ಅಂತ ಸೇರಿಸ್ಕೊಳ್ಳಮ್ಮ" ಎಂದಳು.

ಮೈಕಿನ ಹೆಂಗಸು ಯಾವ ಊರಿನವಳೋ, ಘಾಟಿಯಲ್ಲಿರುವ ದೇವರು ಯಾರೆಂದು ಅವಳಿಗೆ ತಿಳಿಯದು. ಹಿಂದೆ ಇನ್ನೂ ನಾಲ್ಕು ಜನ ಸಾಲಿನಲ್ಲಿದ್ದರು. ಅವಳು ಕೇಳಿದ್ದನ್ನು ಕೇಳಿದ ಹಾಗೆಯೇ ಕೂಡಿಸಿ ಬರೆದುಕೊಂಡಳು: ಘಾಟಿ, ಅಪ್ಪ, ಘಾಟಿಯಪ್ಪ. ನಾನು ನ್ಯಾಯವಾಗಿ ಒಪ್ಪಿಕೊಳ್ಳಬೇಕು, ಸಂಧಿ ನಿರ್ದುಷ್ಟವಾಗಿತ್ತು. ಯಕಾರಾಗಮಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ಇಪ್ಪತ್ತೈದು ವರ್ಷಗಳಲ್ಲಿ ನನಗೇ ಹೊಳೆದಿರಲಿಲ್ಲ.

ತೋಟದ ನೈರುತ್ಯ ಭಾಗದಲ್ಲಿದ್ದ ನನ್ನ ಕಿವಿಗೆ ಆ ಪ್ರಕಟಣೆ ಸ್ಪಷ್ಟವಾಗಿ ಬಿತ್ತು. "ದೊಡ್ಡಬಳ್ಳಾಪುರ ತಾಲ್ಲೂಕಿನಿಂದ ಬಂದಿರುವ ಘಾಟಿಯಪ್ಪ ಎಂಬುವವರು, ಬಿಳಿ ಪಂಚೆ, ಬಿಳಿ ಷರ್ಟು ಧರಿಸಿದ್ದು, ಎಲ್ಲಿದ್ದರೂ ಕೂಡಲೇ ಧ್ವನಿವರ್ಧಕದ ಕೊಠಡಿಗೆ ಬರಬೇಕು. ಅವರ ಮನೆಯವರು ಕಾಯುತ್ತಿದ್ದಾರೆ." ನಾನು ನಿಂತುಬಿಟ್ಟೆ. 'ಎಂಬುವವರು'! 'ಎಂಬ' ಎಂಬುದೇ ಕೃದಂತ. ಅದಕ್ಕೆ 'ಅವರು' ಸೇರಿದರೆ 'ಎಂಬವರು' ಆಗುತ್ತದೆ. ನಡುವೆ ಈ 'ಉವ' ಎಲ್ಲಿಂದ ಬಂತು? ಪ್ರಕಟಣೆಯನ್ನು ಮೂರು ಸಲ ಓದಿದರು, ಮೂರು ಸಲವೂ ನಾನು ಮನಸ್ಸಿನಲ್ಲಿ ತಿದ್ದಿದೆ. ದೊಡ್ಡಬಳ್ಳಾಪುರ ತಾಲ್ಲೂಕು, ಘಾಟಿ, ಬಿಳಿ ಪಂಚೆ ಎಂಬ ಮೂರು ಸುಳಿವುಗಳು ಪಕ್ಕದಲ್ಲಿಯೇ ಬಿದ್ದಿದ್ದವು. ನಾನು ಪ್ರತ್ಯಯವನ್ನು ಹಿಡಿದುಕೊಂಡು ತಂದೆಯನ್ನು ಬಿಟ್ಟೆ.

ಅದೇ ಪ್ರಕಟಣೆ ಅಪ್ಪನಿಗೂ ಕೇಳಿಸಿತು. ಅವರಿಗೆ ವ್ಯಾಕರಣ ಬಾರದು. ಅವರಿಗೆ ಅರ್ಥವಾದದ್ದು ಇಷ್ಟು: ನಮ್ಮ ತಾಲ್ಲೂಕಿನವನೊಬ್ಬ, ಘಾಟಿಯಪ್ಪನೆಂಬವನು, ಪಾಪ, ಈ ಗುಂಪಿನಲ್ಲಿ ಕಳೆದುಹೋಗಿದ್ದಾನೆ. ಕೂಡಲೇ ಅವರು ನಮ್ಮನ್ನು ಹುಡುಕುವುದನ್ನು ಬಿಟ್ಟು ಘಾಟಿಯಪ್ಪನನ್ನು ಹುಡುಕತೊಡಗಿದರು. ಬಿಳಿ ಪಂಚೆಯ ಇಬ್ಬರನ್ನು ನಿಲ್ಲಿಸಿ, "ತಾವೇನಾ ಘಾಟಿಯಪ್ಪನವ್ರು?" ಎಂದು ವಿಚಾರಿಸಿದರು. ಒಬ್ಬರು ಹೊಸಕೋಟೆಯವರು, ಇನ್ನೊಬ್ಬರು ಮದ್ದೂರಿನವರು. ಕೊನೆಗೆ, ಊರು ಯಾವುದೆಂದು ತಿಳಿದರೆ ಅವನ ಮನೆಯವರಿಗೆ ತಾವು ಸಹಾಯ ಮಾಡಬಹುದೆಂದು ನೇರವಾಗಿ ಧ್ವನಿವರ್ಧಕದ ಕೊಠಡಿಗೆ ನಡೆದರು.

"ಅಮ್ಮಯ್ಯಾ, ಘಾಟಿಯಪ್ಪ ಅಂದ್ರಲ್ಲ, ಯಾವೂರಂತೆ ಅವ್ರದ್ದು? ನಾವೂ ಆ ಕಡೆಯೋರೇ."

"ಅಲ್ಲೇ ಕೂತವ್ರಲ್ಲ ಅವರ ಮನೆಯವ್ರು, ಕೇಳಿ" ಎಂದಳು ಮೈಕಿನ ಹೆಂಗಸು.

ಅಪ್ಪ ತಿರುಗಿದರು. ಅಮ್ಮ ಎದ್ದು ನಿಂತಿದ್ದಳು.

"ಲೇ, ನೀನ್ಯಾಕೆ ಇಲ್ಲಿ ಬಂದು ಕೂತಿದೀಯ?"

"ನಿಮ್ಮನ್ನೇ ಕೂಗ್ಸಕ್ಕೆ."

"ನನ್ನನ್ನಾ? ನಾನೆಲ್ಲಿ ಕಳೆದೋಗಿದೀನಿ? ಕಳೆದೋಗಿರೋನು ಘಾಟಿಯಪ್ಪ ಕಣೇ!"

ಕೊಠಡಿಯಲ್ಲಿದ್ದವರೆಲ್ಲ ನಕ್ಕರಂತೆ. ಮೈಕು ಚಾಲೂ ಇದ್ದದ್ದರಿಂದ ತೋಟದವರೆಲ್ಲ ಕೇಳಿಸಿಕೊಂಡರು. ನಾನು ಅಲ್ಲಿಗೆ ಓಡಿ ಬಂದದ್ದು ಆಗ; ಅಪ್ಪನ ದನಿಯಲ್ಲಿ ತಿದ್ದುವಂಥದ್ದು ಏನೂ ಇಲ್ಲದ್ದರಿಂದ ಅದು ಯಾರ ದನಿ ಎಂದು ಕೂಡಲೇ ತಿಳಿಯಿತು.

ಹೊರಗೆ ಬಂದು ಹುರಿಗಡಲೆ ತಿನ್ನುತ್ತಾ ಕುಳಿತೆವು. ನಾನು ಸ್ವಲ್ಪ ಅಸಹನೆಯಿಂದಲೇ ಅಮ್ಮನನ್ನು ಕೇಳಿದೆ: "ಅಲ್ಲಮ್ಮ, ಇಂಥ ಹೊತ್ತಲ್ಲಾದ್ರೂ ಹೆಸರು ಹೇಳ್ಬೋದಿತ್ತಲ್ಲ?"

"ಬೇರೆ ದಿನ ಆಗಿದ್ರೆ ಬಾಯ್ ತಪ್ಪಿ ಹೇಳ್ತಿದ್ನೋ ಏನೋ" ಎಂದಳು ಅಮ್ಮ. "ಕಾಣ್ದಂಗೆ ಹೋದಾಗ್ಲೇ ಹೇಳ್ತಾರಾ ಯಾರಾದ್ರೂ?"

ಮೂಢನಂಬಿಕೆ ಎಂದು ಇದುವರೆಗೆ ನಾನು ಬದಿಗಿರಿಸಿದ್ದರೊಳಗೆ ಇಂಥದೊಂದು ತರ್ಕವಿರಬಹುದೆಂದು ಯೋಚಿಸಿರಲಿಲ್ಲ. ಅಪ್ಪ ಕಡಲೆಯ ಸಿಪ್ಪೆಯನ್ನು ಬಹಳ ಹೊತ್ತು ಊದಿದರು. ಆಮೇಲೆ, ನಾನು ನಿರೀಕ್ಷಿಸಿದ್ದಂತೆಯೇ, ಗಡಿಯಾರ ನೋಡಿದರು.

"ಸಾಕಪ್ಪ ಈ ಊರು. ಇವತ್ತು ನಾನು, ನಾಳೆ ನೀವು. ಈಗ ಹೊರಟ್ರೂ ಏಳೂವರೆ ಹೊತ್ತಿಗೆ ಮನೇಲಿರ್ತೀವಿ. ಅಲ್ಲಿ ಹಸ ಏನ್ ಮಾಡ್ತಾ ಐತೋ."

ಈ ಸಲ ಅವರ ಮಾತಿಗೆ ಕಾರಣವಿತ್ತು. ನನಗೂ ಸೋಲಿನ ಅನುಭವವಾಗಿತ್ತು. ಚೀಲಗಳನ್ನು ಕಟ್ಟಿದರೆ ಸಾಕೆನಿಸಿತ್ತು. "ಹಾಗೇ ಮಾಡೋಣ" ಎಂದು ಬಾಯಿ ತೆರೆದು, ಅಮ್ಮನ ಕಡೆ ನೋಡಿದೆ. ಎರಡನೆಯ ಬೆಳಗು ಅವಳ ಕೈ ತಪ್ಪಿಹೋಗುತ್ತಿತ್ತು. ಅವಳು ನನ್ನನ್ನು ನೋಡಲಿಲ್ಲ. ಅಪ್ಪನ ಕಡೆಗೆ ತಿರುಗಿ, ಸೆರಗಿನಿಂದ ಬಾಯಿ ಒರಸಿಕೊಂಡು, ಬಹಳ ಗೌರವದಿಂದ ಕರೆದಳು:

"ಘಾಟಿಯಪ್ಪನವ್ರೇ."

ಅಪ್ಪ ತಲೆಯೆತ್ತಿದರು.

"ಹಸ ಇರೋದು ನಮ್ಮನೆಯವ್ರದ್ದು. ಅವ್ರಿಗೆ ಊರಲ್ಲಿ ಕೆಲ್ಸ ಐತೆ, ಬೇಕಾದ್ರೆ ಹೋಗ್ಲಿ. ನಿಮ್ಗೇನು ಅವಸರ? ನೀವು ನಾಳೆ ಇದ್ದು ಹೋಗಿ."

ಐವತ್ತೆರಡು ವರ್ಷಗಳಲ್ಲಿ ನನ್ನ ತಾಯಿ ನನ್ನ ತಂದೆಯನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವರದಲ್ಲದ ಹೆಸರಾದ್ದರಿಂದ ಆಯುಸ್ಸಿಗೆ ಧಕ್ಕೆಯಿಲ್ಲ. ಅವರನ್ನೇ ಕರೆದದ್ದಾದ್ದರಿಂದ ಕರೆದ ಸುಖಕ್ಕೂ ಕೊರತೆಯಿಲ್ಲ. ಅಪ್ಪ ಒಂದು ಕ್ಷಣ ಯಾರೋ ಹೆಗಲ ಮೇಲೆ ಕೈಯಿಟ್ಟಂತೆ ಕುಳಿತಿದ್ದರು. ಆಮೇಲೆ ಹುರಿಗಡಲೆಯ ಪೊಟ್ಟಣವನ್ನು ಅವಳ ಕಡೆ ಚಾಚಿ, "ಇರೋಣ ಬಿಡಮ್ಮ, ಇಷ್ಟು ಹೇಳ್ತೀರಲ್ಲ" ಎಂದರು, ಪರಿಚಯವಿಲ್ಲದ ಹೆಂಗಸಿನೊಡನೆ ಮಾತನಾಡುವಂತೆ, ಬಹುವಚನದಲ್ಲಿ.

ಮೂರನೆಯ ದಿನ ಏನೇನು ನೋಡಿದೆವೆಂದು ಪಟ್ಟಿ ಮಾಡಲಾರೆ. ಅಮ್ಮ ಬೆಳಿಗ್ಗೆ ಕಿಟಕಿಯ ಬಳಿ ಕುಳಿತು, "ಘಾಟಿಯಪ್ಪನವ್ರೇ, ಬನ್ನಿ, ಹಾಲಿನ ಗಾಡಿ ಬಂತು" ಎಂದು ಕೂಗಿದ್ದು ಕೇಳಿಸಿತು. ಮೆಟ್ರೋದಲ್ಲಿ ಕರೆದಳು, ರಸ್ತೆ ದಾಟುವಾಗ ಕರೆದಳು, ಕರೆಯುವ ಅಗತ್ಯವಿಲ್ಲದಾಗಲೂ ಕರೆದಳು. ಘಾಟಿಯಪ್ಪನವರು ಗಡಿಯಾರ ನೋಡಲಿಲ್ಲ. ತಿಂಡಿಯ ಮನೆಯಲ್ಲಿ ತಾವೇ ಸೌಟು ಹಿಡಿದು ಎರಡು ಸಲ ಕೇಸರಿಬಾತು ಹಾಕಿಕೊಂಡರು. ಸುಬ್ಬರಾಯಪ್ಪನವರು ಸಿಹಿ ಮುಟ್ಟುವುದಿಲ್ಲ.

ಸಂಜೆ ಮನೆ ಸೇರಿದಾಗ ಅಪ್ಪ ನೇರವಾಗಿ ಕೊಟ್ಟಿಗೆಗೆ ಹೋದರು. ನನ್ನ ಹೆಂಡತಿ ಹಾಲಿನ ಪಾತ್ರೆಯೊಡನೆ ಎದುರಾಗಿ ಕೇಳಿದಳು:

"ಹೆಂಗಿತ್ತು ಮಾವ ಬೆಂಗ್ಳೂರು?"

ಅಪ್ಪ ಹಸುವಿನ ಬೆನ್ನು ಸವರುತ್ತಾ, ಅತ್ತಲೇ ತಿರುಗಿಕೊಂಡು, "ಚೆನ್ನಾಗಿತ್ತಂತೆ" ಎಂದರು.

'ಅಂತೆ' ಎಂಬುದು ಬೇರೆಯವರಿಂದ ಕೇಳಿ ತಿಳಿದ ಸಂಗತಿಗೆ ಹಚ್ಚುವ ಪದ. ತಾನೇ ಕಂಡು ಉಂಡದ್ದಕ್ಕೆ ಅದನ್ನು ಸೇರಿಸಿದರೆ ನಾನು ಅಂಕ ಕಳೆಯುತ್ತಿದ್ದೆ. ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದ ನನ್ನ ತುದಿನಾಲಿಗೆಗೆ ತಿದ್ದುಪಡಿ ಬಂದಿತ್ತು. ಆದರೆ ಅಷ್ಟರಲ್ಲಿ ಅಪ್ಪನ ಮುಖ ಕಂಡಿತು. ಸುಖಪಟ್ಟೆನೆಂದು ಬಾಯಿಬಿಟ್ಟು ಹೇಳುವ ಅಭ್ಯಾಸವಿಲ್ಲದವರಿಗೆ ಆ ಎರಡಕ್ಷರದ ಮರೆ ಬೇಕಾಗುತ್ತದೆ. ನಾನು ಚೀಲವನ್ನು ಒಳಗಿಟ್ಟೆ. ವಾಕ್ಯವನ್ನು ಇದ್ದಂತೆಯೇ ಬಿಟ್ಟೆ.